ಪುಟ್ಟಲಿಂಗಮ್ಮನ ಸ್ಟ್ರಾಬೆರಿ ಜಾಮ್

ಫೆಬ್ರವರಿ 2, ಭಾನುವಾರ

ಎರಡನೇ ಪಾಕವೂ ನೀರು ನೀರು. ಸಕ್ಕರೆ ಹಾಕೋಕೆ ಕೈ ಬಿಗಿ ಹಿಡಿದವಳು ನಾನೇ. ಅಮ್ಮ ಬೈದು ಮತ್ತೆ ಒಲೆಗೇರಿಸಿದಳು. ಹಣ್ಣಿನಷ್ಟೇ ಸಕ್ಕರೆ, ಎರಡು ನಿಂಬೆಹಣ್ಣು. ತಣ್ಣನೆ ತಟ್ಟೆಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಗೀಟೆಳೆದಳು. ಗೀಟು ಕೂಡಿಕೊಳ್ಳಲಿಲ್ಲ. "ಇಳಿಸು."

ಕುದಿಸಿ ತೆಗೆದ ಬಾಟ್ಲಿನ ಬಟ್ಟೇಲಿ ಒರೆಸೋಕೆ ಹೋದೆ. ಸೌಟು ಬೀಸಿದಳು.

"ಅಂಗೆಲ್ಲ ಒರೆಸ್ಬ್ಯಾಡ ಕಣೇ! ಕುದ್ದ ಬಿಸೀಲೇ ಒಣಗ್ಲಿ."

ಅಮ್ಮ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ. ಸಿರಿಂಜು, ಕತ್ತರಿ, ಇಕ್ಕಳ... ಕುದಿಸಿದ್ದೇ ಕುದಿಸಿದ್ದು. ಡಾಕ್ಟರಿಗೆ ಹಾರ, ಇವಳಿಗೆ ಪೊರಕೆ. ಈಗ ಜಾಮ್ ಬಾಟ್ಲಿ ಆಪರೇಷನ್ ಥಿಯೇಟರ್‌ಗೆ ಹೊರಟಂತಿದೆ.

ನಾನು ದುಡೀತಿದ್ದ ಮೇಟಗಳ್ಳಿ ಫ್ಯಾಕ್ಟರಿ ಮುಚ್ಚಿ ನಾಲ್ಕು ತಿಂಗಳು. ಗೇಟಿನ ಮುಂದೆ ಘೋಷಣೆ ಕೂಗಿದ್ದಾಯ್ತು. ಇನ್ನು ಇದೇ ನನ್ನ ಕೆಲಸ. ಬಾಟ್ಲಿ ಮೇಲೆ ಅಮ್ಮನ ಹೆಸರಿರಬೇಕು. ದಪ್ಪ ಅಕ್ಷರದಲ್ಲಿ.

ಫೆಬ್ರವರಿ 6, ಗುರುವಾರ, ಸಂಜೆ 7

ಒಂಟಿಕೊಪ್ಪಲ್. ಪ್ರೇಮಲೀಲಾ ಅವರ ಕಾಂಡಿಮೆಂಟ್ಸ್ ಅಂಗಡಿ. ಚಮಚ ನೆಕ್ಕಿದರು. ಕಣ್ಣರಳಿತು. ಲೇಬಲ್ ಓದಿದರು.

"ಪುಟ್ಟಲಿಂಗಮ್ಮ ಅಂದ್ರೆ... ಯಾವ ಕಡೆಯವರು?"

ಹೇಳಿದೆ. ಜಾತಿ, ಕೇರಿ, ಎಲ್ಲ. ಮುಚ್ಚಿಡೋಕೆ ಕಳ್ಳಮಾಲಲ್ಲ.

ಚಮಚ ಕೆಳಗಿಟ್ಟರು. "ರುಚಿ ಇದೆ ಕಣಮ್ಮ. ಆದ್ರೆ ಇವೆಲ್ಲ ಮಡೀಲಿ ಮಾಡ್ಬೇಕು. ಇಲ್ಲಾಂದ್ರೆ ತಿಂಗಳೊಳಗೆ ಬೂಷ್ಟು ಬಂದ್ಬುಡುತ್ತೆ. ಹೆಸರು ತೆಗೀರಿ, ಬರೀ ಹೋಮ್ ಮೇಡ್ ಅಂತ ಹಾಕಿ. ನೋಡೋಣ."

"ಹೆಸರು ಕಿತ್ರೆ ಬೂಷ್ಟು ಬರಲ್ವಾ ಮೇಡಂ?"

ಅವಲಕ್ಕಿ ಕಟ್ಟಿಸಿಕೊಳ್ತಿದ್ದ ಗುರುಮಲ್ಲಪ್ಪ ಮೇಷ್ಟ್ರು ಕಿಸಕ್ಕಂತ ನಕ್ಕರು.

ಪಂಥ ಕಟ್ಟಿದೆ. ಪ್ರೇಮಲೀಲಾ ಅವರೂ ಈ ವಾರವೇ ಮಡಿಯುಟ್ಟು ಸ್ಟ್ರಾಬೆರಿ ಜಾಮ್ ಮಾಡಿದ್ದಾರಂತೆ. ಅವರದೊಂದು ಬಾಟ್ಲಿ, ನಮ್ಮದೊಂದು. ಮುಚ್ಚಳಕ್ಕೆ ಟೇಪು. ಒಂದೇ ಶೆಲ್ಫು, ಒಂದು ತಿಂಗಳು. ನಮ್ಮದು ಕೆಟ್ಟರೆ ಈ ಅಂಗಡಿ ಮೆಟ್ಟಿಲು ಹತ್ತಲ್ಲ. ನಿಂತರೆ, ಅಮ್ಮನ ಹೆಸರಿನ ಸಮೇತ ಶೆಲ್ಫ್ ನಮ್ಮದು.

"ಆಗ್ಲಿ" ಅಂದರು. ನಗ್ತಾ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳಂದಳು: "ಬೂಷ್ಟು ಜಾತಿ ಕೇಳ್ಕೊಂಡು ಬತ್ತದಾ? ತೇವ ನೋಡ್ಕೊಂಡು ಬತ್ತದೆ."

ಫೆಬ್ರವರಿ 11

ಮನೇಲಿ ಉಳಿದ ಬಾಟ್ಲಿಗಳನ್ನ ದಿನಕ್ಕೆ ಹತ್ತು ಸಲ ಬೆಳಕಿಗೆ ಹಿಡೀತೀನಿ. ಒಂದರಲ್ಲಿ ಬಿಳಿ ಚುಕ್ಕೆ! ಉಗುರಲ್ಲಿ ಕೆರೆದೆ. ಗಾಜಿನ ಹೊರಗೆ ಅಂಟಿದ ಸುಣ್ಣ.

ಫೆಬ್ರವರಿ 25

ಅಂಗಡಿ ಮುಂದೆ ಹಾದೆ. ಅವರ ಬಾಟ್ಲಿಗೆ ಅಡ್ಡಲಾಗಿ ಊದುಬತ್ತಿ ಪ್ಯಾಕೆಟ್ ರಾಶಿ. ನಮ್ಮದು ಬಯಲಲ್ಲಿ. ಯಾಕಪ್ಪಾ?

ಮಾರ್ಚ್ 8, ಶನಿವಾರ

ಗೆದ್ದೆವು!

ಅವರ ಬಾಟ್ಲಿಯಲ್ಲಿ ಮುಚ್ಚಳದಗಲ ಹಸಿರು ಬೂಷ್ಟು. ನಮ್ಮದು ಕೆಂಪಗೆ, ಇವತ್ತು ಇಳಿಸಿದಂತೆ. ಗುರುಮಲ್ಲಪ್ಪ ಮೇಷ್ಟ್ರು ಕಾದು ಕೂತಿದ್ದರು. ಟೇಪು ಕಿತ್ತು, ನಮ್ಮ ಜಾಮಿಗೆ ಬೆರಳದ್ದಿ ಚೀಪಿ—

"ಲೀಲಮ್ಮ, ನಿಮ್ಮ ಮಡಿ ಇನ್ನೂ ಆರಿರಲಿಲ್ವೇನೋ!"

ಪ್ರೇಮಲೀಲಾ ನಗಲಿಲ್ಲ. ಮಾತು ತಪ್ಪಲೂ ಇಲ್ಲ. ಕೈಯಾರೆ ಶೆಲ್ಫ್ ಖಾಲಿ ಮಾಡಿದರು. ನಾನು ತಂದಿದ್ದ ಇಪ್ಪತ್ತು ಬಾಟ್ಲಿ ಜೋಡಿಸಿದರು. ಅಮ್ಮನ ಹೆಸರು ಬೀದಿಗೆ ಕಾಣೋ ಹಾಗೆ. ಆಮೇಲೆ, ಸಣ್ಣ ದನಿಯಲ್ಲಿ:

"ನಿಮ್ಮಮ್ಮ ನಮಗೂ ಹೇಳ್ಕೊಡ್ತಾರಾ?"

"ಮನೆಗೆ ಬನ್ನಿ" ಅಂದೆ. ಬರಲ್ಲ ಅಂದುಕೊಂಡೇ ಅಂದೆ.

ಮಾರ್ಚ್ 9, ಭಾನುವಾರ, ಬೆಳಿಗ್ಗೆ 10.20

ಬಂದರು! ಆಟೋದಲ್ಲಿ, ಎರಡು ಕೇಜಿ ಹಣ್ಣು ಹಿಡಿದು. ನೇರ ಅಡುಗೆಮನೆಗೆ. ನಮ್ಮ ಹಣ್ಣಿನ ಬುಟ್ಟಿಗೆ ಕೈ ಚಾಚಿದರು. ಅಮ್ಮ ತಡೆದಳು.

"ನಿಲ್ಲಿ. ಮುಟ್ಬ್ಯಾಡಿ."

ನಮ್ಮೋರು ಎಷ್ಟು ತಲೆಮಾರು ಕೇಳಿದ ಮಾತು! ಇವತ್ತು ಅಮ್ಮನ ಬಾಯಲ್ಲಿ, ವಾರ್ಡಿನ ಡ್ಯೂಟಿ ದನಿಯಲ್ಲಿ.

"ಉಂಗುರ ತೆಗೀರಿ. ಸೋಪು ಹಾಕಿ, ಮೊಣಕೈಗಂಟ ತೊಳೀರಿ."

ಪ್ರೇಮಲೀಲಾ ಉಂಗುರ ತೆಗೆದು ಸೆರಗಿಗೆ ಕಟ್ಟಿದರು. ತೊಳೆದು ಬಂದು ಎರಡೂ ಕೈ ಚಾಚಿದರು, ಸ್ಕೂಲ್ ಹುಡುಗಿ ಥರ.

"ಆಯ್ತಾ ಪುಟ್ಟಲಿಂಗಮ್ನೋರೆ?"

"ಉಗುರು ಸಂದಿ?"

ಮತ್ತೆ ನಲ್ಲಿ ತಿರುಗಿಸಿದರು. ಹೊಸಿಲ ಮೇಲೆ ಕೂತು ಬರೀತಿದ್ದೀನಿ, ನಗು ತಡೆಯೋಕಾಗ್ತಿಲ್ಲ. ಅಮ್ಮ ಈಗ ನನ್ನ ಕಡೆ ತಿರುಗಿದಳು...

"ಕೀರ್ತಿ! ಪೆನ್ನು ಹಿಡ್ದಿರೋ ಕೈ, ನೀನೂ—"