ಹಗ್ಗ ಕಟ್ಟಿದ ಮೆಟ್ಟಿಲು

ಮಾನ್ಯ ವಾರ್ಡ್ ಅಧಿಕಾರಿಗಳೇ,

ಡೊಂಬಿವಲಿ ಪಕ್ಕದ ದಿವಾದ ಚಾಳಿನವರು ಕಟ್ಟಿದ ಮೆಟ್ಟಿಲು ಸಿದ್ಧವಾಗಿ ತಿಂಗಳಾಯಿತು. ಅದರ ಮೇಲೆ ಕಾಲಿಡುವ ಹಕ್ಕು ಮಾತ್ರ ಯಾರಿಗೂ ಇಲ್ಲ, ಏಕೆಂದರೆ ಅಡ್ಡಲಾಗಿ ನಿಮ್ಮ ಕಚೇರಿಯ ಹಗ್ಗವಿದೆ. ಕಾರಣ ಕೇಳಿದರೆ ನಿಮ್ಮ ಸಿಪಾಯಿ, "ಮ್ಯಾಡಂ, ಉದ್ಘಾಟನ್ ಬಾಕಿ ಆಹೇ" ಎಂದು ಮರಾಠಿಯಲ್ಲಿ ಹೇಳುತ್ತಾನೆ, ಉದ್ಘಾಟನೆ ಬಾಕಿಯಂತೆ. ಡೊಂಬಿವಲಿಯ ಕನ್ನಡಿಗರ ಸಮಾರಂಭದಲ್ಲಿ ಇದೇ ಮೆಟ್ಟಿಲನ್ನು ನೀವು ಅಚ್ಚಗನ್ನಡದಲ್ಲಿ ಹೊಗಳಿದ್ದನ್ನು ಕೇಳಿದವಳು ನಾನು. ಹಾಗಾಗಿ ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಾನು ಡಿಸೈನ್ ವಿದ್ಯಾರ್ಥಿನಿ. ಇಂಟರ್ನ್‌ಶಿಪ್ಪಿಗೆಂದು ಬಂದವಳಿಗೆ ನೀವು ವಹಿಸಿದ್ದು, ಜನರನ್ನು ಸೇರಿಸಿ ಅವರಿಗೆ ಬೇಕಾದದ್ದನ್ನು ಅವರೊಂದಿಗೇ ಕಟ್ಟುವ ಕೆಲಸ. ಚಾಳಿನವರು ಕೇಳಿದ್ದು ಉದ್ಯಾನವನವಲ್ಲ, ಸೆಲ್ಫಿ ಪಾಯಿಂಟ್ ಅಲ್ಲ. ಕೆಳಗಿನ ನಲ್ಲಿಯಿಂದ ನೀರು ಹೊತ್ತು ಹತ್ತಲು ಮೆಟ್ಟಿಲು, ಹಿಡಿಯಲು ಒಂದು ಕಂಬಿ, ಅಷ್ಟೇ. ರಜೆಯ ದಿನಗಳಲ್ಲಿ ಅವರೇ ಕಲ್ಲು, ಸಿಮೆಂಟು ಹೊತ್ತರು. ತಮ್ಮ ಬೆವರಿನ ಮೆಟ್ಟಿಲು ಹತ್ತಲು ಅವರು ಯಾವ ಗಣ್ಯರ ಬಿಡುವಿಗೆ ಕಾಯಬೇಕು?

ಉದ್ಘಾಟನೆಗೆ ಆಮಂತ್ರಣ ಪತ್ರಿಕೆ ಬೇಕು, ಪತ್ರಿಕೆಗೆ ಜನ ಮೆಟ್ಟಿಲು ಬಳಸುತ್ತಿರುವ ಫೋಟೊ ಬೇಕು, ಬಳಸಬೇಕಾದರೆ ಉದ್ಘಾಟನೆ ಆಗಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಆದರೆ ನಿಮ್ಮ ಕಚೇರಿಯವರು ಜಾಣರು. ಒಂದು ಬೆಳಗ್ಗೆ ಹಗ್ಗ ಬಿಚ್ಚಿಸಿ, ಚಾಳಿನ ಕನ್ನಡತಿ ಸುಂದರಿ ಅಕ್ಕನ ಸೊಂಟಕ್ಕೆ ಕೊಡ ಏರಿಸಿ, ಕಂಬಿ ಹಿಡಿದು ನಗಲು ಹೇಳಿದಿರಿ. ಫೋಟೊ ಮುಗಿದ ಕೂಡಲೇ ಹಗ್ಗ ಮತ್ತೆ ಅಡ್ಡ ಬಿತ್ತು. ಬಿಚ್ಚಿದ್ದನ್ನು ಹಾಗೇ ಬಿಡಿ ಎಂದು ನಾನು ಅಂಗಲಾಚಿದೆ. "ನಿಯಮ ನಿಯಮವೇ" ಎಂದಿರಿ. ಕ್ಯಾಮೆರಾದ ಮುಂದೆ ಸಡಿಲಾಗಿ, ಬರಿಗಾಲಿನ ಹೆಂಗಸರ ಮುಂದೆ ಬಿಗಿಯಾಗುವ ಆ ನಿಯಮ ಯಾವುದೆಂದು ದಯವಿಟ್ಟು ತಿಳಿಸುವಿರಾ?

ಅದೇ ವಾರ ಪಕ್ಕದ ಕೆಸರು ಏರಿನಲ್ಲಿ ತುಂಬಿದ ಕೊಡದೊಂದಿಗೆ ಸುಂದರಿ ಅಕ್ಕ ಜಾರಿ ಬಿದ್ದರು. ಬಲಗೈ ಮುರಿಯಿತು. ಟಿಫಿನ್‌ಗಳಿಗೆ ಚಪಾತಿ ಲಟ್ಟಿಸಿ ಮನೆ ನಡೆಸುವ ಕೈ ಅದು. ನನಗೆ ಸಿಟ್ಟು ಬಂದಿದೆ ಮಾನ್ಯರೇ, ಅದನ್ನು ವಿನಯದಲ್ಲಿ ಸುತ್ತಿಕೊಡಲು ಮನಸ್ಸಿಲ್ಲ.

ಮೊನ್ನೆ ನಿಮ್ಮ ಆಮಂತ್ರಣ ತಲುಪಿತು. ಮುಖಪುಟದಲ್ಲಿ ಅಕ್ಕ ಕಂಬಿ ಹಿಡಿದು ನಗುತ್ತಿದ್ದಾರೆ. ಒಳಗೆ, ಗಣ್ಯರಿಗೆ ಹೂಗುಚ್ಛ ನೀಡುವ 'ಫಲಾನುಭವಿ'ಯೆಂದು ಅವರದೇ ಹೆಸರು. ಅವರ ಮನೆಯಲ್ಲಿ ಕುಳಿತು ಓದಿ ಹೇಳಿದೆ. ಪ್ಲಾಸ್ಟರಿನ ಕೈಯನ್ನು ನೋಡಿಕೊಂಡು ಅವರು ಕೇಳಿದರು: "ಎಡಗೈಯಲ್ಲಿ ಹೂ ಕೊಟ್ರೆ ಅವ್ರಿಗೆ ಬೇಜಾರಾಗ್ಲಿಕ್ಕಿಲ್ವಾ ಮಗಾ?"

ಅವರ ಪ್ರಶ್ನೆಗೆ ಉತ್ತರ ನೀವೇ ಬಂದು ಕೊಡಿ. ಅದಕ್ಕೂ ಮೊದಲು, ಇಂದೇ, ಹಗ್ಗ ತೆಗೆಸಿ.

ಇಂತಿ,
ನಿಮ್ಮ ಪ್ರಮಾಣಪತ್ರ ಇನ್ನು ಸಿಗದೆಂದು ತಿಳಿದೇ ಸಹಿ ಹಾಕುತ್ತಿರುವ ಇಂಟರ್ನ್,
ನಿಶ್ಮಿತಾ
ಡೊಂಬಿವಲಿ