ತುಡುಗಿನ ಮೂರನೆಯ ಅರ್ಥ

ಮಾರ್ಚ್ ೧೨, ಗುರುವಾರ

ಈ ದಿನ ಬೆಳಗ್ಗೆ ನನ್ನ ಧರ್ಮಪತ್ನಿಯ ಮಾತಿನಿಂದ ಒಂದು ಅರ್ಥವನ್ನು ಕದ್ದೆನೆಂದು ಪ್ರಮಾಣಪೂರ್ವಕವಾಗಿ ಒಪ್ಪಿಕೊಳ್ಳುತ್ತೇನೆ.

ನಿಘಂಟಿನ ಕಚೇರಿಯಲ್ಲಿ ವಾರದಿಂದ ‘ತುಡುಗು’ ಎಂಬ ಪದ ಜೀವ ಹಿಂಡುತ್ತಿತ್ತು. ಕಳ್ಳತನ, ಸರಿ. ಕಂಡವರ ಹೊಲ ಮೇಯುವ ದನದ ಚಾಳಿ, ಅದೂ ಸರಿ. ಮನೆಯೊಳಗೇ ಕದ್ದು ತಿನ್ನುವುದೆಂಬ ಮೂರನೆಯದನ್ನು ನಾನೇ ಪತ್ತೆಹಚ್ಚಿದೆನೆಂದು ಸಂಪಾದಕರೆದುರು ಬೀಗಿದೆ.

“ಭೇಷ್ ಕಣಯ್ಯ! ಆದ್ರೆ ಯಾರು, ಯಾರಿಗೆ, ಯಾವಾಗ ಅಂದದ್ದು? ನಮ್ಮ ನಿಯಮ ಗೊತ್ತಲ್ಲ, ನಾಳೆ ಬರ್ಕೊಂಡು ಬಾ.”

ಕಣ್ಣು ಎಳೆಯುತ್ತಿದೆ, ಬರೆಯದೆ ವಿಧಿಯಿಲ್ಲ. ಅಂದವಳು ಹೆಂಡತಿ: “ತುಡುಗು ಮಾಡೋಕೂ ಒಂದು ವಯಸ್ಸು ಬೇಡ್ವೇನ್ರೀ? ಮೊಮ್ಮಗಳ ಚಾಕಲೇಟು ಅದು!” ಅನ್ನಿಸಿಕೊಂಡವನು, ಬಾಯಿ ತುಂಬಿದ್ದರಿಂದ ಮಾತಾಡಲಾಗದೆ, ಇನ್ನೂ ನಿದ್ದೆಯಲ್ಲಿದ್ದ ಮೊಮ್ಮಗಳತ್ತಲೇ ಬೆರಳು ತೋರಿಸಿದ ನಾನು.