ಪೂನಂಳ ಪಾಚಿ

ಕಿರಣನ ಅಪ್ಪನವರಿಗೆ ಕಸ್ತೂರಿಬಾಯಿಯ ಶರಣು.

ಭಾಗಮಂಡಲದ ಈ ಕಾಡಿನಲ್ಲಿ ಫೋನು ಹತ್ತುವುದಿಲ್ಲ, ಅದಕ್ಕೇ ಕಾರ್ಡು. ಸೊಸೆ ಪಾಚಿ ಹುಡುಕುವ ಓದು ಬಿಟ್ಟು ನಮ್ಮ ಹುಮನಾಬಾದಿನ ಅಂಗಡಿಯಲ್ಲಿ ಕೂರಲಿ, ಕರೆದುಕೊಂಡು ಬಾ ಎಂದು ನೀವು ನನ್ನನ್ನು ಕಳಿಸಿದಿರಿ. ನಾನೂ ಅದಕ್ಕೆಂದೇ ಬಂದೆ. ನಿನ್ನೆ ಅವಳ ಹಿಂದೆ ನಡೆಯುತ್ತ ಜಾರಿಬಿದ್ದೆ.

"ಅತ್ತಿ, ಏಳಬ್ಯಾಡ್ರಿ! ಹಂಗೇ ಕೂಡ್ರಿ!" ಎಂದು ಪೂನಂ ಕೂಗಿದಳು. ಹಾವೆಂದುಕೊಂಡು ಉಸಿರು ಬಿಗಿಹಿಡಿದೆ. ಅವಳು ಕಂಡದ್ದು ನನ್ನ ಕೈ ಪಕ್ಕದ ಕೊಳೆತ ಮರದ ಮೇಲಿನ ಪಾಚಿಯನ್ನು. ಇಡೀ ಮಳೆಗಾಲ ಅದನ್ನೇ ಹುಡುಕುತ್ತಿದ್ದಳಂತೆ. ನನ್ನ ಮಂಡಿ ನೋಡಿದ್ದು ಆಮೇಲೆ. ನಾನು ಬೈದೆ. ಅವಳು ಭೂತಗನ್ನಡಿಯನ್ನು ನನ್ನ ಕೈಗಿಟ್ಟಳು.

"ಬೈರಿ ಅತ್ತಿ, ಆದ್ರ ಇದನ್ನ ನೋಡ್ಕೋತ ಬೈರಿ."

ನೋಡಿದೆ. ದಾರದಂಥ ಕಾಂಡ ಮರಕ್ಕೆ ಅಂಟಿಕೊಂಡೇ ಹರಿದಿದೆ. ಎಲೆಗಳೆಲ್ಲ ಕುಡುಗೋಲಿನಂತೆ ಒಂದೇ ಕಡೆ ಬಾಗಿ, ಬಿಗಿಯಾಗಿ ಹೆಣೆದ ಜಡೆಯಂತೆ ಕಾಣುತ್ತವೆ. ಎಲೆಗೆ ನಡುನರವಿಲ್ಲ. ಧೂಳಿನಂಥ ಬೀಜಕಣ ತುಂಬಿದ ಪುಟ್ಟ ಗಡಿಗೆಯನ್ನು ಹೊತ್ತ ಕೆಂಪು ಕಡ್ಡಿ ಕಾಂಡದ ತುದಿಯಿಂದಲ್ಲ, ಪಕ್ಕದಿಂದ ಎದ್ದಿದೆ. ಗುರುತು ಹಿಡಿಯುವುದು ಹೀಗಂತೆ. ಆಮೇಲೆ ಬೈಯುವುದು ಮರೆತೇಹೋಯಿತು.

ಮಂಡಿ ಬಾತಿದೆ. ಬಸವಕಲ್ಯಾಣದಿಂದ ತಂದ ಮುಲಾಮು ಹಚ್ಚಿದ್ದೇನೆ, ನಡೆಯಬಲ್ಲೆ. ಇಲ್ಲಿ ಮೂರು ಹೊತ್ತೂ ಅನ್ನ. ಜೋಳದ ಹಿಟ್ಟು ಕಳಿಸಿ, ಇಬ್ಬರಿಗೂ ಸಾಲುವಷ್ಟು. ಕಾರ್ಡು ಒಯ್ಯುವ ಜೀಪು ಹೊರಟು ನಿಂತಿದೆ.

ಅಂಗಡಿಗೆ ಬೇರೆ ಯಾರನ್ನಾದರೂ ಇಟ್ಟುಕೊಳ್ಳಿ. ಊರಿಗೆ ಬಾ ಎಂದು ನಾನು ಅವಳನ್ನು ಕೇಳಲೇ ಇಲ್ಲ, ಕೇಳುವುದೂ ಇಲ್ಲ.